ಬೆಂಕಿಗೆರೆಯಲ್ಲಿ ಓ ಎನ್ನದ ಬೆಳಗು

ಕರಡಿಯ ಮುಂದೆ ನಿಂತು ಮಗ್ಗಿ ಒಪ್ಪಿಸಿದವರು ನಿಮ್ಮಲ್ಲಿ ಯಾರಾದರೂ ಇದ್ದೀರೇನು? ಇದ್ದರೆ ಕೈ ಎತ್ತಿ. ನಾನಂತೂ ಎತ್ತಿದ್ದೇನೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದುಕೊಂಡು. ಇದರಲ್ಲಿ ಬರೆಯುವುದನ್ನು ಮೊಮ್ಮಗಳು ಕಲಿಸಿ ಎರಡು ತಿಂಗಳಾಯಿತು. "ಅಜ್ಜಿ, ದಿನಾ ಬೆಳಿಗ್ಗೆ ಎಲ್ಲಾರಿಗೂ ಹೂವಿನ ಚಿತ್ರ ಕಳಿಸೋದು ಬಿಟ್ಟು ಏನರ ಬರಿ" ಎಂದಳು. ಬರೆಯುತ್ತಿದ್ದೇನೆ. ಒಂದು ಒತ್ತಕ್ಷರಕ್ಕೆ ಮೂರು ಸಲ ಕನ್ನಡಕ ಸರಿ ಮಾಡಿಕೊಳ್ಳಬೇಕು. ಹಾಗಾಗಿ ಸುಳ್ಳು ಸೇರಿಸಲು ಪುರುಸೊತ್ತಿಲ್ಲ.

ಎಂಬತ್ತರ ದಶಕದ ಮಾತು ಇದು. ಮದುವೆಯಾಗಿ ಗದಗಿನ ಕಡೆಯಿಂದ ನಾಗಪುರಕ್ಕೆ ಬಂದು ನನಗೆ ಎರಡನೇ ವರ್ಷ. ನಮ್ಮ ಯಜಮಾನರು ಆ ಊರಿನ ಅಂಚಿನ ವಾಡಿಯ ಒಂದು ಗೋದಾಮಿನಲ್ಲಿ ಲಾರಿಗೆ ಸರಕು ಏರಿಸುವುದನ್ನು ನೋಡಿಕೊಳ್ಳುತ್ತಿದ್ದರು. ಅದರ ಹಿಂದೆಯೇ ನಮ್ಮ ಒಂದೇ ಖೋಲಿಯ ಮನೆ. ಬೆಳಗಿನಿಂದ ಸಂಜೆಯವರೆಗೆ ಲಾರಿಗಳ ಹಾರನ್ನು, ಡೀಸೆಲ್ ವಾಸನೆ. ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತಾ, ಮಾತಾಡಲು ಜನ ಸಿಗದೆ ನಾನು ಪ್ರೆಶರ್ ಕುಕ್ಕರಿನ ಜೊತೆ ಮಾತಾಡತೊಡಗಿದ್ದೆ.

ನಮ್ಮ ಸಾಲಿನ ಕೊನೆಯ ಖೋಲಿಯಲ್ಲಿ ಸೊಲ್ಲಾಪುರದ ಕಡೆಯ ಒಬ್ಬ ಹೆಂಗಸು ಇದ್ದಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಅರ್ಧ ಮರಾಠಿ ಬೆರೆತ ಕನ್ನಡ ಅವಳದು, ಆದರೂ ಕನ್ನಡವೇ. ನಾನು ಅಕ್ಕ ಎನ್ನುತ್ತಿದ್ದೆ. ಶಿವರಾತ್ರಿ ಕಳೆದದ್ದೇ ಅವಳು ಆರು ಹೆಂಗಸರನ್ನು ಕಟ್ಟಿಕೊಂಡು ಅಮರಾವತಿ ರಸ್ತೆಯಾಚೆಯ ಕಾಡಿಗೆ ಕೂಲಿಗೆ ಹೋಗುತ್ತಿದ್ದಳು. ಮೊದಲ ಮಳೆ ಬೀಳುವ ತನಕ ಅಷ್ಟೇ ಆ ಕೆಲಸ. ಒಂದು ದಿನ ನಲ್ಲಿಯ ಹತ್ತಿರ ಕೊಡ ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏ ಬಡಬಡಿ, ಖೋಲ್ಯಾಗ ಕುಂತು ಕುಕ್ಕರಿಗೆ ಯಾಕ ಬೈತಿ? ನಮ್ಮ ಜೋಡಿ ಬಾ. ಒಬ್ಬಾಕಿ ಕಮ್ಮಿ ಬಿದ್ದಾಳ."

ಯಜಮಾನರಿಗೆ ಹೇಳಿದಾಗ ಅವರು ಉಣ್ಣುವುದು ಬಿಟ್ಟು ನಕ್ಕರು. "ಹಲ್ಲಿ ಕಂಡ್ರ ಮಂಚಾ ಏರ್ತಿ. ನೀ ಅಡವ್ಯಾಗ ಕಸಾ ಹೊಡೀತಿ? ನೀ ಅಲ್ಲಿ ಒಂದು ತಿಂಗಳಾ ನಿಂತ್ರ ನಾ ಮೀಸಿ ಬೋಳಿಸಿಕೋತೀನಿ."

ಅವರಿಗೆ ಆ ಮೀಸೆ ಎಷ್ಟು ಮುದ್ದು ಎಂದರೆ ನನಗಿಂತ ಮೊದಲು ಅದಕ್ಕೆ ಎಣ್ಣೆ ಸಿಗುತ್ತಿತ್ತು. ಹಟಕ್ಕೆ ಬಿದ್ದು ಹೊರಟೆ.

ಕೆಲಸ ಏನೆಂದು ಹೇಳುತ್ತೇನೆ. ಬೇಸಿಗೆಯಲ್ಲಿ ಆ ಕಾಡು ಪೂರಾ ಒಣಗಿ ಎಲೆ ಉದುರಿಸುತ್ತದೆ. ಒಂದು ಬೀಡಿಯ ಕಿಡಿ ಸಾಕು. ಅದಕ್ಕೆ ಕಾಡಿನ ನಡುವೆ ಎತ್ತಿನಗಾಡಿ ಹೋಗುವಷ್ಟು ಅಗಲದ ಪಟ್ಟಿಯನ್ನು ಬೋಳು ಮಾಡಿ ಇಡುತ್ತಾರೆ. ಈ ಕಡೆ ಹತ್ತಿದ ಬೆಂಕಿ ಆ ಕಡೆ ದಾಟಬಾರದು. ಅದು ಬೆಂಕಿಗೆರೆ. ಹುಲ್ಲು ಕೊಯ್ಯುವವರು ಬೇರೆ, ಸುಡುವವರು ಬೇರೆ. ನಾವು ಗುಡಿಸುವವರು. ಇವತ್ತು ಗುಡಿಸಿದಲ್ಲಿ ನಾಳೆ ಮತ್ತೆ ಸಾಗುವಾನಿ ಎಲೆ ಬಿದ್ದಿರುತ್ತಿತ್ತು, ಊಟದ ತಟ್ಟೆಯಷ್ಟು ದೊಡ್ಡವು. ನಸುಕಿನಲ್ಲಿ ವಾಡಿಯ ಜಕಾತಿ ನಾಕೆಯಿಂದ ಅರಣ್ಯ ಇಲಾಖೆಯ ಟ್ರಕ್ಕು ನಮ್ಮನ್ನು ಹೊತ್ತು ಹೋಗಿ ಗೆರೆಯ ಬುಡದಲ್ಲಿ ಇಳಿಸುತ್ತಿತ್ತು, ಬಿಸಿಲು ನೆತ್ತಿಗೇರುವ ಮುಂಚೆ ವಾಪಸು ತರುತ್ತಿತ್ತು.

ಗುಡಿಸುವುದಕ್ಕೆ ಯಾರೂ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಒಬ್ಬಳೇ ಇರುವುದಕ್ಕೆ. ಗೆರೆಯನ್ನು ಏಳು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತಿದ್ದಳು ಅಕ್ಕ. ಗೆರೆ ಹಾವಿನಂತೆ ಹೊರಳಿ ಹೋಗುತ್ತದೆ, ಹಾಗಾಗಿ ಒಬ್ಬರಿಗೆ ಒಬ್ಬರು ಕಾಣುವುದಿಲ್ಲ. ಒಣಗಿದ ಕಾಡಿನಲ್ಲಿ ಸದ್ದು ಮಾತ್ರ ಇರುತ್ತದೆ. ಓತಿಕ್ಯಾತ ಹರಿದರೆ ಮನುಷ್ಯ ನಡೆದಂತೆ, ನವಿಲು ಕೆದರಿದರೆ ಹುಲಿ ಬಂದಂತೆ. ಗುಡಿಸುವಾಗ ನನ್ನದೇ ಸದ್ದು, ನಿಲ್ಲಿಸಿದರೆ ಯಾರದೋ ಸದ್ದು. ನಾನು ಆರು ಸಲ ಕಸಬರಿಗೆ ಎಳೆದು ಏಳನೆಯ ಸಲ ಬೆನ್ನ ಹಿಂದೆ ನೋಡುತ್ತಿದ್ದೆ.

ಅದಕ್ಕೆ ಅಕ್ಕನದೊಂದು ಕಟ್ಟಳೆ ಇತ್ತು. ಗೆರೆಯುದ್ದಕ್ಕೂ ಅಲ್ಲಲ್ಲಿ ಸುಣ್ಣದ ಪಟ್ಟೆ ಬಳಿದ ಮರಗಳು. ತನ್ನ ಪಟ್ಟೆಯ ಮರ ಮುಟ್ಟಿದಾಗಲೆಲ್ಲ ಅಕ್ಕ "ಕೂ" ಎಂದು ಕೂಗುತ್ತಾಳೆ. ನಾವು ಒಬ್ಬೊಬ್ಬರಾಗಿ, ಸರದಿಯಂತೆ, "ಓ" ಎನ್ನಬೇಕು. ಒಬ್ಬಳು ಓ ಎನ್ನದಿದ್ದರೆ ಮಿಕ್ಕವರೆಲ್ಲ ಕಸಬರಿಗೆ ಬಿಸಾಕಿ ಅವಳಿದ್ದಲ್ಲಿಗೆ ಓಡಬೇಕು. ಯಾಕೆ, ಏನು ಎಂದು ಕೇಳುವಂತಿಲ್ಲ.

ಈ ಕಟ್ಟಳೆ ಎಲ್ಲಿಂದ ಬಂತೆಂದು ಕೇಳಿದಾಗ ಅಕ್ಕ ತಲೆಯ ಸೆರಗು ಸರಿಸಿ ತೋರಿಸಿದ್ದಳು. ಎಡಗಿವಿ ಇರಲಿಲ್ಲ. ಕಿವಿಯ ಜಾಗದಿಂದ ಕತ್ತಿನವರೆಗೆ ಚರ್ಮ ಸುಕ್ಕಾಗಿ ಹೊಳೆಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಅತ್ತೆಯ ಮನೆಯವರ ಜೊತೆ ಹಿಪ್ಪೆ ಹೂವು ಆರಿಸಲು ಹೋಗಿದ್ದಳಂತೆ. ಕರಡಿಗೂ ಆ ಹೂವೆಂದರೆ ಜೀವ. ಅದು ಕೆಡವಿ ಹೋದಮೇಲೆ ಅಕ್ಕ ಮಧ್ಯಾಹ್ನದವರೆಗೆ ಅಲ್ಲೇ ಬಿದ್ದಿದ್ದಳು. ಜೊತೆಗೆ ಬಂದವರು, ಇವಳು ಬೇಸರವಾಗಿ ಮನೆಗೆ ಹೋಗಿರಬೇಕು ಎಂದುಕೊಂಡು ಬುಟ್ಟಿ ತುಂಬಿಸುತ್ತಿದ್ದರು.

"ಕರಡಿ ಕಿವಿ ಅಷ್ಟ ಒಯ್ತವ್ವ" ಎಂದಳು. "ಮಂದಿ ಬರ್ತಾರ ಅಂತ ದಾರಿ ನೋಡಿದ್ನಲ್ಲ, ಅದು ಜೀವಾ ತಿಂತು."

ಇದನ್ನು ನಾನು ನನ್ನ ಈ ಕಿವಿಗಳಿಂದ ಕೇಳಿದ್ದೆ. ಎರಡೂ ಕಿವಿಗಳಿಂದ. ಮುಂದಿನದನ್ನು ಓದುವಾಗ ನೆನಪಿಟ್ಟುಕೊಳ್ಳಿ.

ಹೊಸಬಳೆಂದು ಅಕ್ಕ ನನಗೆ ಕೊನೆಯ ತುಂಡು ಕೊಟ್ಟು, ಪಕ್ಕದ್ದನ್ನು ತಾನಿಟ್ಟುಕೊಂಡಿದ್ದಳು. ಮೊದಲ ಹದಿನೈದು ದಿನದಲ್ಲಿ ನಾನು ಮೂರು ಸಲ ಜೀವ ಹೋದಂತೆ ಕಿರುಚಿದೆ. ಒಮ್ಮೆ ಕರಿಮೂತಿಯ ಮುಸುವ ಕೊಂಬೆಯಿಂದ ಹಾರಿತ್ತು. ಒಮ್ಮೆ ಒಣಗಿದ ಬಳ್ಳಿ ಕಾಲಿಗೆ ಸುತ್ತಿಕೊಂಡಿತ್ತು. ಮೂರನೆಯ ಸಲ ನನ್ನ ಸೆರಗನ್ನು ಯಾರೋ ಹಿಡಿದೆಳೆದರು. ತಿರುಗಿ ನೋಡಿದರೆ ಬೋರೆಯ ಮುಳ್ಳು. ಪ್ರತಿ ಸಲವೂ ಆರೂ ಜನ ಓಡಿ ಬಂದು, ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಾ ನಿಲ್ಲುತ್ತಿದ್ದರು. ಮೂರನೆಯ ಸಲ ಅಕ್ಕ ನಗಲಿಲ್ಲ.

"ಇನ್ನೊಮ್ಮೆ ಸುಳ್ಳೇ ಕೂಗಿದಿ ಅಂದ್ರ ನಾಳೆ ಟ್ರಕ್ ಹತ್ತಬ್ಯಾಡ. ಬರೋಬರ್ ತಿಳೀತಿಲ್ಲೊ?"

ಮರುದಿನದಿಂದ ಟ್ರಕ್ಕಿನಲ್ಲಿ ನನ್ನದೇ ನಾಟಕ. ಮರಾಠಿ ಹೆಂಗಸರು ಒಬ್ಬರ ಸೆರಗನ್ನು ಒಬ್ಬರು ಎಳೆದು, ನನ್ನ ಹಾಗೆಯೇ "ಅಯ್ಯಯ್ಯಪ್ಪೋ" ಎಂದು ಕನ್ನಡದಲ್ಲಿ ಕಿರುಚಿ ಬಿದ್ದು ಬಿದ್ದು ನಗುವರು. ಅವರಿಗೆ ಬರುತ್ತಿದ್ದ ಕನ್ನಡ ಅದೊಂದೇ. ಅಕ್ಕನೂ ಸೆರಗಿನೊಳಗೆ ನಗುತ್ತಿದ್ದಳು. ನಾನೂ ನಕ್ಕೆ. ನಗುತ್ತಲೇ ಹೊಟ್ಟೆಯೊಳಗೆ ಒಂದು ಕೆಟ್ಟ ಬುದ್ಧಿ ಕಣ್ಣು ಬಿಟ್ಟಿತು. ಹೆದರಿಕೆ ಅಂದರೆ ಏನೆಂದು ಇವರಿಗೂ ಒಂದಿಷ್ಟು ರುಚಿ ತೋರಿಸಬೇಕು. ಕೂಗಿದರೆ ತಾನೇ ತಪ್ಪು? ಕೂಗದೇ ಇದ್ದರೆ?

ಹಿಪ್ಪೆ ಹೂವು ಬೀಳುವ ಕಾಲ. ನನ್ನ ತುಂಡಿಗೂ ಅಕ್ಕನ ತುಂಡಿಗೂ ನಡುವೆ ಗೆರೆ ಬಿಲ್ಲಿನಂತೆ ಬಾಗಿತ್ತು. ಬಿಲ್ಲಿನ ಒಳಗೆ ಎಂಟು ಹತ್ತು ಹಿಪ್ಪೆ ಮರ. ಅಲ್ಲಿಂದ ಬೆಳಿಗ್ಗೆ ಹುಳಿ ಬಂದ ಬೆಲ್ಲದ ಹಾಗೆ ಭಾರವಾದ ವಾಸನೆ ಬರುತ್ತಿತ್ತು. ಅದರೊಳಗೆ ಯಾರೂ ಕಾಲಿಡಬಾರದೆಂದು ಅಕ್ಕ ಹೇಳಿದ್ದಳು. ತಾನಂತೂ ಆ ಕಡೆ ಮುಖ ಕೂಡ ತಿರುಗಿಸುತ್ತಿರಲಿಲ್ಲ. ಎಷ್ಟೇ ಅವಸರವಿದ್ದರೂ ಗೆರೆ ಹಿಡಿದೇ ಸುತ್ತಿ ಬರುವಳು.

ಆ ಬೆಳಿಗ್ಗೆ ನಾನು ನನ್ನ ಸುಣ್ಣದ ಮರಕ್ಕೆ ಕಸಬರಿಗೆ ಒರಗಿಸಿದೆ. ಒಣ ಎಲೆಯ ಮೇಲೆ ಸದ್ದಾಗಬಾರದೆಂದು ಚಪ್ಪಲಿ ತೆಗೆದೆ. ಮನೆಯ ಹೊಸ್ತಿಲಲ್ಲಿ ಇಟ್ಟ ಹಾಗೆ ಜೋಡಿಸಿ ಇಟ್ಟೆ. ಬುತ್ತಿಯ ಡಬ್ಬಿ ಮಾತ್ರ ಎತ್ತಿಕೊಂಡೆ, ಇರುವೆ ಹತ್ತುತ್ತವೆಂದು. ಹತ್ತು ಹೆಜ್ಜೆ ಒಳಗೆ, ಹಿಪ್ಪೆ ಮರಗಳ ಅಂಚಿಗೆ, ಒಂದು ದೊಡ್ಡ ಬಂಡೆ. ಅದರ ಹಿಂದೆ ಕುಳಿತು ಬಾಯಿಗೆ ಸೆರಗು ತುರುಕಿಕೊಂಡೆ.

"ಕೂ" ಎಂದಳು ಅಕ್ಕ.

ಮೇಲಿನವರು ಒಬ್ಬೊಬ್ಬರಾಗಿ ಓ ಎಂದರು. ಐದು ಓ ಎಣಿಸಿದೆ. ಆರನೆಯದು ನನ್ನದು. ನಾನು ಸುಮ್ಮನಿದ್ದೆ.

ಕಾಡು ಒಂದು ಗಳಿಗೆ ಕಿವಿಗೊಟ್ಟಂತೆ ನಿಂತಿತು. "ಕೂ" ಎಂದಳು ಮತ್ತೆ. ಈ ಸಲ ದನಿ ಸ್ವಲ್ಪ ಮೇಲೆ. ನನಗೆ ನಗು ಉಕ್ಕಿ ಬಂದು ಸೆರಗು ಕಚ್ಚಿಕೊಂಡೆ. ದೂರದಲ್ಲಿ ಎಲೆಗಳ ಮೇಲೆ ಓಟದ ಸದ್ದು ಎದ್ದಿತು. ಬರಲಿ, ಸುತ್ತಿ ಬರುವಷ್ಟರಲ್ಲಿ ಬೆವರಲಿ ಎಂದುಕೊಂಡೆ.

ಆಗ ಹತ್ತಿರದಲ್ಲೇ ಇನ್ನೊಂದು ಸದ್ದು ಕೇಳಿಸಿತು. ಹಸಿ ಕಟ್ಟಿಗೆಯ ಒಲೆಯನ್ನು ಯಾರೋ ಊದುತ್ತಿರುವ ಹಾಗೆ. ಊದುವುದು, ಎಳೆದುಕೊಳ್ಳುವುದು, ಮತ್ತೆ ಊದುವುದು. ಇಲ್ಲಿ ಯಾರು ಒಲೆ ಹೂಡಿದ್ದಾರೆ ಎಂದು ಬಂಡೆಯ ಮೇಲಿಂದ ಇಣುಕಿದೆ.

ಹಿಪ್ಪೆ ಮರದ ಕೆಳಗೆ ಕರಡಿ ಇತ್ತು. ತಲೆ ತಗ್ಗಿಸಿ ಮೂತಿಯಿಂದ ಧೂಳು ಊದಿ ಹೂವು ಹೀರುತ್ತಿತ್ತು. ನನಗೂ ಅದಕ್ಕೂ ನಮ್ಮ ಖೋಲಿಯಿಂದ ನಲ್ಲಿಯಷ್ಟು ದೂರ. ನಾನು ಬೆಳಗಿನಿಂದ ಅದರ ಪಕ್ಕದಲ್ಲೇ ಗುಡಿಸುತ್ತಿದ್ದೆ ಎಂದು ಹೊಳೆದ ಕೂಡಲೇ ಬಂಡೆಯನ್ನು ಎರಡೂ ಕೈಯಿಂದ ಅವುಚಿಕೊಂಡೆ.

ಅಷ್ಟರಲ್ಲಿ ಅಕ್ಕ ಬಂದಳು. ಗೆರೆ ಹಿಡಿದು ಅಲ್ಲ. ಹಿಪ್ಪೆ ಮರಗಳ ನಡುವೆ, ಅಡ್ಡದಾರಿಯಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಕುಡುಗೋಲು ಹಿಡಿದು ಓಡುತ್ತಾ. ಸುತ್ತಿ ಬಂದರೆ ತಡವಾಗುತ್ತದೆ ಎಂದು ಅವಳು ಆ ಕಡೆಯಿಂದ ನುಗ್ಗಿದ್ದಳು. ಕಿವಿ ಹೋದಂದಿನಿಂದ ಹಿಪ್ಪೆ ಮರದ ನೆರಳು ತುಳಿಯದವಳು.

ಕರಡಿಯನ್ನು ನೋಡಿದ್ದೇ ನಿಂತಳು. ಹಿಂದಕ್ಕೆ ಇಟ್ಟ ಹೆಜ್ಜೆ ಒಂದು ತಗ್ಗಿನಲ್ಲಿ ಮಡಚಿ ಹಾಗೆಯೇ ಕುಕ್ಕರಿಸಿದಳು. ಸೆರಗು ಜಾರಿ ಆ ಸುಕ್ಕು ಚರ್ಮ ಬಿಸಿಲಿಗೆ ಬಂತು. ಕರಡಿ ತಲೆಯೆತ್ತಿತು. ನಿಧಾನವಾಗಿ, ಯಾರೋ ಕರೆದರು ಎನ್ನುವಂತೆ, ಎರಡು ಕಾಲಿನ ಮೇಲೆ ಎದ್ದು ನಿಂತಿತು. ಎದೆಯ ಮೇಲಿನ ಬಿಳಿ ಪಟ್ಟೆ ಕಂಡಿತು. ಜೋತುಬಿದ್ದ ಉಗುರುಗಳು ಕಂಡವು.

ಅಕ್ಕ ಕೂಗಲಿಲ್ಲ. ಅವಳ ಕಣ್ಣು ಕರಡಿಯ ಮೇಲೆ ನಿಲ್ಲದೆ ಆ ಕಡೆ ಈ ಕಡೆ ನೆಲದ ಮೇಲೆ ಓಡಾಡುತ್ತಿತ್ತು. ನನ್ನನ್ನು ಹುಡುಕುತ್ತಿದ್ದಳು. ಎಲ್ಲೋ ಬಿದ್ದಿರಬೇಕೆಂದು.

ನಾನು ಓ ಎನ್ನಲು ಬಾಯಿ ತೆರೆದೆ. ದನಿ ಬರಲಿಲ್ಲ. ದಿನವಿಡೀ ಬಡಬಡಿಸುವ ಬಾಯಿ ಇದು. ಬೇಡ ಎಂದಾಗ ಮೂರು ಸಲ ಕಾಡೇ ಕೇಳುವಂತೆ ಕಿರುಚಿದ ಬಾಯಿ. ಒಣಗಿ ಅಂಟಿಕೊಂಡಿತ್ತು. ಮತ್ತೆ ತೆರೆದೆ. ಗಾಳಿ ಮಾತ್ರ ಬಂತು. ಕರಡಿ ಅಕ್ಕನ ಕಡೆ ಒಂದು ಹೆಜ್ಜೆ ಇಟ್ಟಿತು.

ಚಿಕ್ಕಂದಿನಲ್ಲಿ ನಮ್ಮ ಮಾಸ್ತರರ ಬೆತ್ತ ಎದ್ದಾಗ ನನ್ನ ಬಾಯಿಂದ ತಾನಾಗಿ ಬರುತ್ತಿದ್ದದ್ದು ಒಂದೇ. ಅದೇ ಬಂತು.

"ಎರಡೊಂದ್ಲೆ ಎರಡು!" ಎಂದು ಕೂಗಿದೆ. "ಎರಡೆರಡ್ಲೆ ನಾಕು! ಎರಡ್ಮೂರ್ಲೆ ಆರು!"

ಕರಡಿ ತಿರುಗಿತು. ನಾನು ಬಂಡೆಯ ಮೇಲೆ ಹತ್ತಿಬಿಟ್ಟಿದ್ದೆ, ಹೇಗೆಂದು ಇವತ್ತಿಗೂ ಗೊತ್ತಿಲ್ಲ. ಬುತ್ತಿಯ ಡಬ್ಬಿಯನ್ನು ಬಂಡೆಗೆ ಬಡಿಯುತ್ತಾ ಮೂರರ ಮಗ್ಗಿಗೆ ಹಾರಿದೆ. ಮುಚ್ಚಳ ಹಾರಿತು, ರೊಟ್ಟಿ ಹಾರಿತು, ಶೇಂಗಾ ಚಟ್ನಿ ನನ್ನ ಮೇಲೆಯೇ ಬಿತ್ತು. ನಾಲ್ಕರದ್ದು, ಐದರದ್ದು. ಕಣ್ಣು ಮುಚ್ಚಿಕೊಂಡಿದ್ದೆ. ಮೇಲಿನಿಂದ ಮಿಕ್ಕ ಹೆಂಗಸರ ಕೂಗು ಹತ್ತಿರವಾಗುತ್ತಿತ್ತು. ಯಾರೋ ನನ್ನ ಸೆರಗು ಎಳೆದಾಗ ನಾನು ಏಳೆಂಟ್ಲೆ ಐವತ್ತಾರರಲ್ಲಿದ್ದೆ. ಕಣ್ಣು ತೆರೆದರೆ ಮುಳ್ಳೂ ಅಲ್ಲ, ಕರಡಿಯೂ ಅಲ್ಲ. ಜೊತೆಯ ಹೆಂಗಸು. ಕರಡಿ ಯಾವಾಗಲೋ ಹಳ್ಳ ಇಳಿದು ಹೋಗಿತ್ತು.

ಅಕ್ಕನನ್ನು ಎತ್ತಿ ಗೆರೆಗೆ ತಂದು ಕೂರಿಸಿದೆವು. ಪಾದ ಉಬ್ಬಿ ಬದನೆಕಾಯಿ ಆಗಿತ್ತು. ಅವಳು ನೀರು ಕುಡಿದು ಮೊದಲು ಕೇಳಿದ್ದು, "ಯಾಕ ಓ ಅನ್ಲಿಲ್ಲ?"

ಎಲ್ಲರೂ ನನ್ನ ಕಡೆ ನೋಡಿದರು. ಆಗಲೇ ಹೇಳಿಬಿಡಬಹುದಿತ್ತು. ಬಾಯಿ ಈಗ ಚೆನ್ನಾಗಿ ತೆರೆಯಿತು.

"ಕರಡಿ ನನ್ನ ಮುಂದ ಬಂದಿತ್ತಕ್ಕಾ. ನಾಲಿಗಿ ಒಳಗ ಹೋತು."

ಹೆಂಗಸರು ಲಟಲಟ ನೆಟಿಗೆ ಮುರಿದು ನನ್ನ ದೃಷ್ಟಿ ತೆಗೆದರು. ಅಕ್ಕ ಮಾತ್ರ ಸುಣ್ಣದ ಮರದ ಕಡೆ ಒಮ್ಮೆ ನೋಡಿದಳು, ಆಮೇಲೆ ನನ್ನ ಬರಿಗಾಲು ನೋಡಿದಳು. "ಚಲೋ, ನಡೀರಿ" ಎಂದಳು ಅಷ್ಟೇ.

ವಾಡಿಯಲ್ಲಿ ನಾನು ಹುಲಿಯಾದೆ. ಕರಡಿ ಓಡಿಸಿದ ಕಾನಡಿ ಬಾಈ, ಕನ್ನಡದ ಹೆಂಗಸು, ಎಂದು ಗೋದಾಮಿನ ಹಮಾಲರು ಕೈಮುಗಿಯತೊಡಗಿದರು. ತಿಂಗಳು ತುಂಬಲು ಇನ್ನೂ ನಾಲ್ಕು ದಿನ ಇತ್ತು, ಆದರೂ ಯಜಮಾನರು ನೇರ ಕ್ಷೌರದ ಅಂಗಡಿಗೆ ಹೋಗಿ ಮೀಸೆ ಬೋಳಿಸಿಕೊಂಡು ಬಂದರು. "ಸೋತೆ ಮಾರಾಯ್ತಿ" ಎಂದರು. ಆ ಬೋಳು ಮೇಲ್ದುಟಿಯನ್ನು ದಿನಾ ಬೆಳಿಗ್ಗೆ ಚಹಾ ಕೊಡುವಾಗ ನೋಡಬೇಕಿತ್ತಲ್ಲ, ಅದಕ್ಕಿಂತ ಕರಡಿಯ ಮುಖ ವಾಸಿ.

ಅಕ್ಕ ನಾಲ್ಕೇ ದಿನಕ್ಕೆ ಪಾದಕ್ಕೆ ಅರಿಶಿನ ಸುಣ್ಣ ಕಟ್ಟಿಕೊಂಡು, ಕುಂಟುತ್ತಾ ಟ್ರಕ್ ಹತ್ತಿದಳು. ನನ್ನನ್ನು ತನ್ನ ತುಂಡಿನಲ್ಲಿಯೇ, ಕೈಗೆ ಸಿಗುವಷ್ಟು ಹತ್ತಿರ ಗುಡಿಸಲು ಇಟ್ಟುಕೊಂಡಳು. ಹೆದರಿದವಳೆಂದು ಕರುಣೆ ಎಂದುಕೊಂಡೆ. ಅವಳು ಕೂ ಎಂದರೆ ನಾನು ಮೂರು ಮರ ಆಚೆಗೆ ಕೇಳುವಂತೆ ಓ ಎನ್ನುತ್ತಿದ್ದೆ. "ಅಗ, ಕಿವಿ ಒಂದ ಉಳದೈತಿ. ಅದನ್ನೂ ಒಡೀಬ್ಯಾಡ" ಎನ್ನುವಳು.

ವೈಶಾಖದಲ್ಲಿ ಒಂದು ದಿನ ಐದೇ ಓ ಬಂದವು, ನನ್ನದೂ ಸೇರಿ. ಮೇಲಿನ ತುಂಡಿನ ಒಬ್ಬಳದು ಬರಲಿಲ್ಲ.

ಅಕ್ಕ ಕಸಬರಿಗೆ ಬಿಸಾಕಿ ಕುಂಟುಗಾಲಿನಲ್ಲೇ ಓಡಿದಳು. ನಾನು ಓಡಲಿಲ್ಲ. ನಿಂತೇ ಇದ್ದೆ. ಹೇಳಲು ನಾಚಿಕೆ, ಆದರೆ ನನ್ನ ತಲೆಗೆ ಮೊದಲು ಬಂದದ್ದು, ಅವಳೂ ಎಲ್ಲೋ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಾ ಕುಳಿತಿದ್ದಾಳೆ ಎಂದು. ಆ ಗಳಿಗೆಯಲ್ಲಿ ಹುಟ್ಟಿದ ಹೆದರಿಕೆ ಕರಡಿಯ ಮುಂದೆಯೂ ಹುಟ್ಟಿರಲಿಲ್ಲ. ಇಡೀ ಕಾಡಿನಲ್ಲಿ ಈ ಅನುಮಾನ ಬರುವವಳು ನಾನೊಬ್ಬಳೇ ಇದ್ದೆ.

ಆಮೇಲೆ ಓಡಿದೆ. ಅವಳಿಗೆ ಎಲೆಯಡಿಯ ಚೇಳು ಕಡಿದಿತ್ತು. ಕೈ ಹಿಡಿದು, ಹಲ್ಲು ಕಚ್ಚಿ, ಮಾತಿಲ್ಲದೆ ಕುಳಿತಿದ್ದಳು. ಹೊತ್ತು ಟ್ರಕ್ಕಿಗೆ ತಂದೆವು. ನಾಲ್ಕು ದಿನಕ್ಕೆ ಗುಣವಾಗಿ ನಗುತ್ತಾ ಬಂದಳು. ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ಅವಳಿಗೆ ಚೇಳಿನ ವಿಷ ಇಳಿಯಿತು, ನನ್ನದು ಇಳಿಯಲಿಲ್ಲ.

ಮಿರಗದ ಮೊದಲ ಮಳೆ ಬಿದ್ದ ದಿನ ನಮ್ಮ ಕೆಲಸ ಮುಗಿಯಿತು. ನೆಲದಿಂದ ಬಿಸಿ ಹಬೆ ಏಳುತ್ತಿತ್ತು. ಮಿಕ್ಕವರು ಟ್ರಕ್ಕಿನ ತಾಡಪಾಲದ ಕೆಳಗೆ ಹಾಡುತ್ತಿದ್ದರು. ಅಕ್ಕ ಸುಣ್ಣದ ಮರದ ಕೆಳಗೆ ಕಸಬರಿಗೆಗಳನ್ನು ಒಟ್ಟು ಮಾಡಿ ಬಳ್ಳಿಯಿಂದ ಕಟ್ಟುತ್ತಿದ್ದಳು. ನಾನು ಬಳ್ಳಿಯ ಇನ್ನೊಂದು ತುದಿ ಹಿಡಿದುಕೊಂಡೆ. ಈ ಮಳೆ ಬಿಟ್ಟರೆ ಇನ್ನೆಂದೂ ಬಾಯಿ ಬರುವುದಿಲ್ಲ ಅನ್ನಿಸಿತು.

"ಅಕ್ಕಾ, ಅವತ್ತು ಕರಡಿ ನನ್ನ ಮುಂದ ಬಂದಿದ್ದಿಲ್ಲ. ನಿಮ್ಮನ್ನ ಹೆದರಿಸಬೇಕಂತ ಸುಮ್ನ ಅಡಗಿ ಕುಂತಿದ್ದೆ. ಓ ಅನ್ನಾಕ ಬರ್ತಿತ್ತು. ಅನ್ಲಿಲ್ಲ."

ಅವಳು ಗಂಟು ಬಿಗಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ" ಎಂದಳು.

ನನ್ನ ಕೈಯಿಂದ ಬಳ್ಳಿ ಜಾರಿತು. "ಗೊತ್ತಿತ್ತಾ? ಮತ್ತ ಮಂದಿ ಮುಂದ ಯಾಕ ಹೇಳ್ಲಿಲ್ಲ?"

"ಹೇಳಿದ್ರ, ಇನ್ನೊಮ್ಮೆ ನೀ ಖರೇನ ಸುಮ್ಮನಾದಾಗ ಯಾರು ಓಡಿ ಬರ್ತಿದ್ರು? ನಿಮ್ಮ ಯಜಮಾನರ ಮೀಸಿ?"

ಅಳುವೂ ನಗುವೂ ಒಟ್ಟಿಗೆ ಬಂದು ಮೂಗಿನಲ್ಲಿ ಸಿಕ್ಕಿಕೊಂಡವು. ಸೆರಗಿನಿಂದ ಮೂಗು ಒರೆಸಿಕೊಂಡು, "ನಿನಗ ಹ್ಯಾಂಗ ಗೊತ್ತಾತಕ್ಕಾ? ಯಾರೂ ನೋಡಿದ್ದಿಲ್ಲಲ್ಲ" ಎಂದೆ.

ಅವಳು ಕಸಬರಿಗೆಯ ಕಟ್ಟನ್ನು ಎತ್ತಿ ನನ್ನ ತಲೆಯ ಮೇಲೆ ಹೊರಿಸಿದಳು. ಆಮೇಲೆ, ಆ ಒಂದೇ ಕಿವಿಯ ಹಿಂದೆ ಒದ್ದೆ ಕೂದಲು ಸಿಕ್ಕಿಸಿಕೊಳ್ಳುತ್ತಾ ಹೇಳಿದಳು:

"ಹುಚ್ಚಿ, ಕರಡಿ ಕಂಡಾಕಿ ಚಪ್ಪಲಿ ಜೋಡಿಸಿಟ್ಟು ಓಡತಾಳೇನ?"